ದೇವರಿಗೆ ವಿಳಾಸ ಗೊತ್ತಿದೆ

ಚರ್ಚುಗಳ ಸಭೆಗಳಿಗೆ ಕಂಪ್ಯೂಟರು, ಮೊಬೈಲು, ಮೈಕು, ಕ್ಯಾಮೆರಾಗಳ ಬಗ್ಗೆ ಬುದ್ಧಿ ಹೇಳುವುದು ಕೆಲವು ವರ್ಷಗಳಿಂದ ನನ್ನ ಶನಿವಾರದ ಕೆಲಸ. ದೇವನಹಳ್ಳಿ, ನೆಲಮಂಗಲ, ಹೊಸಕೋಟೆ, ಎಲ್ಲಿ ಹತ್ತು ಜನ ಅಯ್ಯನವರು ಸೇರುತ್ತಾರೋ ಅಲ್ಲಿಗೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗುತ್ತೇನೆ. ನಮ್ಮಲ್ಲಿ ಅಯ್ಯನವರು ಅಂದರೆ ಸಭಾಪಾಲಕರು. ಪಾಸ್‌ವರ್ಡ್ ಹೇಗಿರಬೇಕು, ದೀಕ್ಷಾಸ್ನಾನದ ರಿಜಿಸ್ಟರಿನ ನಕಲನ್ನು ಎಷ್ಟು ಕಡೆ ಇಡಬೇಕು, ಆರಾಧನೆಯನ್ನು ಲೈವ್ ಹಾಕುವಾಗ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಇವೇ ನನ್ನ ಪಾಠ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ತೂಕಡಿಸುತ್ತಾರೆ. ಆಗ ಒಂದು ಕಥೆ ಹೇಳುತ್ತಿದ್ದೆ. "ನಮ್ಮ ಸಭೆಯಲ್ಲಿ ಒಬ್ಬ ತಾತ ಇದ್ದಾರೆ. ಒಂದಿನ ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಬಂದು ಪ್ರಾರ್ಥನೆ ಪಟ್ಟೀನ ಇಡೀ ಸಭೆಗೆ ಫಾರ್ವರ್ಡ್ ಮಾಡ್ಬಿಟ್ರು" ಅಂತ ಶುರು ಮಾಡಿ, ತಾತ ಮೊಬೈಲನ್ನು ಮೂಗಿಗೆ ಹಿಡಿದು ನೋಡುವುದನ್ನು ನಟಿಸಿ ತೋರಿಸುತ್ತಿದ್ದೆ. ಜನ ನಗುತ್ತಿದ್ದರು. ನಿದ್ದೆ ಹಾರಿಹೋಗುತ್ತಿತ್ತು.

ಆ ತಾತ ಹೋದ ತಿಂಗಳು ತೀರಿಕೊಂಡರು. ಪಟ್ಟಿ ಕಳಿಸಿದ್ದು ಅವರಲ್ಲ, ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಅಂತ ಇಟ್ಟುಕೊಂಡರೆ ಧೈರ್ಯ ಮತ್ತೆ ಕೈಕೊಡುತ್ತದೆ. ನಾಲ್ಕು ವರ್ಷ ಕೈಕೊಟ್ಟಿದೆ.

ತಾತ ನಮ್ಮ ದೊಡ್ಡಬಳ್ಳಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದು, ಮೂರು ಮೂರು ನಿಮಿಷದ ಲೆಕ್ಕದಲ್ಲಿ ಮಾತಾಡುತ್ತಿದ್ದ ಕಾಲ ಅದು. ಮಗ್ಗದ ಮಾಲೀಕರು ಸೂರತ್ತಿಗೋ ಮದರಾಸಿಗೋ ಮಾತಾಡಬೇಕಾದರೆ ಆ ಮಾತು ಇವರ ಕೈ ದಾಟಿಯೇ ಹೋಗಬೇಕಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರಿಂದಲೋ ಏನೋ, ಅವರ ತಲೆ ಸದಾ ಒಂದಿಷ್ಟು ಎಡಕ್ಕೆ ವಾಲಿರುತ್ತಿತ್ತು. ಹೊಸಬರಿಗೆ ಇವರು ನಮ್ಮ ಮಾತನ್ನು ಬಹಳ ಗಮನ ಕೊಟ್ಟು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಕೇಳುತ್ತಲೂ ಇದ್ದರು.

ಊರಿನ ಅರ್ಧ ಗುಟ್ಟು ಅವರ ಕಿವಿ ದಾಟಿ ಹೋಗಿರಬೇಕು. ಯಾರ ಸಂಬಂಧ ಮುರಿಯಿತು, ಯಾರ ಜಮೀನು ಯಾರ ಪಾಲಾಯಿತು, ಎಲ್ಲ. ನಾನು ಒಮ್ಮೆ, "ತಾತ, ಆ ಕಾಲದಲ್ಲಿ ಏನೇನು ಕೇಳಿಸ್ಕೊಂಡ್ರಿ, ಒಂದಾದ್ರೂ ಹೇಳಿ" ಅಂತ ಪೀಡಿಸಿದೆ. ಅವರು ಮೈಕಿನ ವೈರು ಸುತ್ತುತ್ತಾ, "ಮೂರು ನಿಮಿಷ ಆಯ್ತು ಅಂತ ಹೇಳೋದಷ್ಟೇ ನನ್ನ ಕೆಲ್ಸ ಇತ್ತು ಮೇಷ್ಟ್ರೇ" ಅಂದರು. ಆರಾಧನೆ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು, "ತಾತ, ವಿಷ್ಯ ಗೊತ್ತಾಯ್ತಾ?" ಅಂತ ದನಿ ತಗ್ಗಿಸಿದರೆ ಕಿವಿಯ ಹಾಲೆ ಎಳೆದುಕೊಳ್ಳುತ್ತಾ, "ಲೈನ್ ಸರಿಯಿಲ್ಲ ಕಣಮ್ಮ, ಆಮೇಲ್ ಮಾತಾಡಣ" ಅನ್ನುತ್ತಿದ್ದರು. ಆ ಆಮೇಲೆ ಎಂದೂ ಬರುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಚರ್ಚಿನ ಕಚೇರಿ ಅವರ ಕೈಗೆ ಬಂತು. ರಿಜಿಸ್ಟರು, ಮೈಕ್ ಸೆಟ್ಟು, ಆಮೇಲೆ ಪ್ರೊಜೆಕ್ಟರು, ಕೊನೆಗೆ ಚರ್ಚಿನ ಹೆಸರಿನಲ್ಲಿ ಕೊಂಡ ಒಂದು ಮೊಬೈಲು. ಅದನ್ನು ಎಲ್ಲರೂ ತಾತನ ಫೋನು ಅಂತಲೇ ಕರೆಯುತ್ತಿದ್ದರು. ನಮ್ಮ ಚರ್ಚಿನ ಸುತ್ತ ಮೂರು ಕಡೆಯೂ ಪವರ್‌ಲೂಮಿನ ಸದ್ದು. ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಕೇಳಬೇಕಾದರೆ ಮೈಕು ಚೆನ್ನಾಗಿರಲೇಬೇಕು. ತಾತ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು, ಮೈಕನ್ನು ಕರವಸ್ತ್ರದಲ್ಲಿ ಒರೆಸಿ, "ಸಮಾಧಾನ, ಸಮಾಧಾನ" ಅಂತ ಹೇಳಿ ಪರೀಕ್ಷೆ ಮಾಡುತ್ತಿದ್ದರು. ಹಲೋ ಅನ್ನುತ್ತಿರಲಿಲ್ಲ. ಹಲೋ ಅಂದು ಅಂದು ಬಾಯಿ ಸವೆದಿದೆ ಅನ್ನುತ್ತಿದ್ದರು. ಪಕ್ಕದ ಬೀದಿಯ ಮಸೀದಿಯಲ್ಲಿ ಬಾಂಗಿನ ಹೊತ್ತಾದರೆ ನಮ್ಮ ಮೈಕಿನ ಸದ್ದನ್ನು ಒಂದೆರಡು ನಿಮಿಷ ತಗ್ಗಿಸುತ್ತಿದ್ದರು. ಯಾಕೆ ತಾತ ಅಂದರೆ, "ಒಂದೇ ಲೈನಲ್ಲಿ ಇಬ್ರು ಮಾತಾಡಿದ್ರೆ ಇಬ್ರುದೂ ಕೇಳ್ಸಲ್ಲ" ಅನ್ನುವರು.

ನಾನು ಚರ್ಚಿನ ಶಾಲೆಗೆ ಕಂಪ್ಯೂಟರ್ ಮೇಷ್ಟ್ರಾಗಿ ಬಂದಾಗ ನನಗೆ ಮೂವತ್ತೊಂದು. ತಾತ್ಕಾಲಿಕ ಹುದ್ದೆ. ಬಂದ ಮೊದಲ ತಿಂಗಳೇ ಚರ್ಚನ್ನು ಪೂರ್ತಿ ಕಂಪ್ಯೂಟರಿಗೆ ಏರಿಸಿಬಿಡುತ್ತೇನೆ ಅಂತ ಹೊರಟೆ. ದೀಕ್ಷಾಸ್ನಾನದ ರಿಜಿಸ್ಟರನ್ನೆಲ್ಲ ಟೈಪ್ ಮಾಡಿ ತಂದು ತೋರಿಸಿದೆ. ತಾತ ಕನ್ನಡಕ ಏರಿಸಿಕೊಂಡು ಎರಡು ಪುಟ ನೋಡಿದರು.

"ಚೆನ್ನಾಗಿದೆ. ಇದು ಎಲ್ಲಿರುತ್ತೆ?"

"ಈ ಲ್ಯಾಪ್‌ಟಾಪಲ್ಲಿ."

"ಇದನ್ನ ಯಾರಾದ್ರೂ ಎತ್ಕೊಂಡ್ ಹೋದ್ರೆ?"

ನಾನು ನಕ್ಕೆ. ಅವರು ಅಲ್ಮೇರಾದಿಂದ ಒಂದು ಹಳೆಯ ರಿಜಿಸ್ಟರು ತೆಗೆದು ತೋರಿಸಿದರು. ರಟ್ಟಿನ ಹೊರಗೆ ಏನೂ ಆಗಿರಲಿಲ್ಲ. ತೆರೆದರೆ ಒಳಗೆಲ್ಲ ಗೆದ್ದಲು ತಿಂದು ಮಣ್ಣು. "ಎಷ್ಟೋ ಮಕ್ಳ ಹೆಸ್ರು ಇದ್ರಲ್ಲಿ ಹೋಯ್ತು. ಹೊರಗಿಂದ ನೋಡಿ ಚೆನ್ನಾಗಿದೆ ಅನ್ಕೊಂಡಿದ್ವಿ" ಅಂದರು. ಅಂದಿನಿಂದ ನಮ್ಮ ರಿಜಿಸ್ಟರಿಗೆ ಮೂರು ನಕಲು. ಒಂದು ಕಚೇರಿಯಲ್ಲಿ, ಒಂದು ಅವರ ಮನೆಯ ಬಿಸ್ಕತ್ ಡಬ್ಬಿಯೊಳಗಿನ ಪೆನ್‌ಡ್ರೈವಿನಲ್ಲಿ, ಇನ್ನೊಂದು ಕೆರೆಯಾಚೆ ಇರುವ ಸದಸ್ಯರೊಬ್ಬರ ಮನೆಯಲ್ಲಿ. ಮೂರು ತಿಂಗಳಿಗೊಮ್ಮೆ ಮೂರನ್ನೂ ತೆರೆದು ನೋಡಲೇಬೇಕು. ನಾನು ಈಗ ಊರೂರಲ್ಲಿ ಬ್ಯಾಕಪ್ ಅಂತ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುವ ಪಾಠ ಇಷ್ಟೇ.

ಪಾಸ್‌ವರ್ಡಿನ ಪಾಠವೂ ಅವರದೇ. ನಾನು ಚರ್ಚಿನ ವೈಫೈಗೆ ಎಲ್ಲರಿಗೂ ನೆನಪಿರಲಿ ಅಂತ ಬೈಬಲ್ಲಿನ ಒಂದು ಪ್ರಸಿದ್ಧ ವಚನದ ಅಧ್ಯಾಯ, ನಂಬರು ಸೇರಿಸಿ ಪಾಸ್‌ವರ್ಡ್ ಇಟ್ಟಿದ್ದೆ. ತಾತ ಕಿವಿ ಹತ್ತಿರ ಬಂದು, "ಆ ವಚನ ಸೈತಾನನಿಗೂ ಬಾಯಿಪಾಠ ಕಣಪ್ಪಾ" ಅಂದರು. ಬದಲಾಯಿಸಿದೆ. ಹೊಸದನ್ನು ಒಂದು ಕಾಗದದಲ್ಲಿ ಬರೆಸಿಕೊಂಡು, ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ತಾವೊಂದು ರುಜು, ನನ್ನದೊಂದು ರುಜು ಹಾಕಿಸಿ, ಅಲ್ಮೇರಾದಲ್ಲಿ ಇಟ್ಟರು. ಅಲ್ಮೇರಾದ ಬೀಗದ ಕೈ ಎರಡು, ನಮ್ಮಿಬ್ಬರ ಹತ್ತಿರ ಒಂದೊಂದು. "ಒಬ್ನೇ ಇಟ್ಕೊಂಡ್ರೆ ಅದು ಬೀಗದ ಕೈ ಅಲ್ಲ ಮೇಷ್ಟ್ರೇ, ದರ್ಬಾರು" ಅನ್ನುತ್ತಿದ್ದರು.

ಲಾಕ್‌ಡೌನ್ ಬಂದಾಗ ಆರಾಧನೆ ಮೊಬೈಲಿಗೆ ಬಂತು. ಆಗ ನನ್ನ ಮೆರೆದಾಟ ನೋಡಬೇಕಿತ್ತು. ಎಲ್ಲರೂ, "ಮೇಷ್ಟ್ರು ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು" ಅನ್ನುವರು. ನಾನು ಬೇಡ ಬೇಡ ಅನ್ನುತ್ತಾ ಅದನ್ನೇ ಇನ್ನೊಬ್ಬರ ಬಾಯಲ್ಲೂ ಕೇಳಲು ಕಾಯುತ್ತಿದ್ದೆ. ನಿರ್ಬಂಧ ಸಡಿಲವಾಗಿ ಜನ ಚರ್ಚಿಗೆ ಬರತೊಡಗಿದ ಮೇಲೂ ಲೈವ್ ಮುಂದುವರಿಸಿದೆವು. ಒಂದು ಭಾನುವಾರ, ಒಬ್ಬ ತಾಯಿ ವೇದಿಕೆಯ ಮುಂದೆ ಮೊಣಕಾಲೂರಿ ಅಳುತ್ತಿದ್ದರು. ನಾನು ಕ್ಯಾಮೆರಾವನ್ನು ಹತ್ತಿರಕ್ಕೆ ಎಳೆದೆ. ತಾತ ಎದ್ದು ಬಂದು ಲೆನ್ಸಿನ ಮುಂದೆ ತಮ್ಮ ಅಂಗೈ ಹಿಡಿದರು. ನೂರಾರು ಮನೆಗಳ ಮೊಬೈಲಿನಲ್ಲಿ ಒಂದು ನಿಮಿಷ ತಾತನ ಅಂಗೈ ಕಾಣುತ್ತಿತ್ತು. ಆಮೇಲೆ ನನ್ನನ್ನು ಹೊರಗೆ ಕರೆದು, "ಮೊಣಕಾಲೂರಿದೋರ ಮುಖಕ್ಕೆ ಅದನ್ನ ಹಿಡೀಬಾರ್ದು. ಬೆನ್ನು ಸಾಕು. ತೋರಿಸ್ಲೇಬೇಕು ಅಂತಿದ್ರೆ ಮೊದ್ಲು ಅವ್ರನ್ನ ಕೇಳು. ಯಾರ ವಿಷ್ಯವೋ ಅವ್ರನ್ನ ಕೇಳು" ಅಂದರು. ನನಗೆ ಸಿಟ್ಟು ಬಂದಿತ್ತು. ಮುದುಕರಿಗೆ ಲೈವ್ ಅಂದರೆ ಏನು ಗೊತ್ತು ಅಂತ ಹೆಂಡತಿಯ ಹತ್ತಿರ ಹೇಳಿಕೊಂಡೆ.

ಈಗ ಪ್ರಾರ್ಥನೆಯ ಚೀಟಿಗಳ ವಿಷಯ. ನಮ್ಮ ಚರ್ಚಿನ ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಯಾರು ಬೇಕಾದರೂ ಚೀಟಿ ಬರೆದು ಹಾಕಬಹುದು. ಸಭೆಯವರಷ್ಟೇ ಅಲ್ಲ, ಮಗ್ಗದ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಬಾಡಿಗೆ ಮನೆಯ ಹಿಂದೂ ಮುಸ್ಲಿಂ ಅಕ್ಕಂದಿರು, ಎಲ್ಲರೂ ಹಾಕುತ್ತಾರೆ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಮುಂಚೆ ತಾತ ಪೆಟ್ಟಿಗೆ ತೆರೆದು, ಚೀಟಿಗಳನ್ನು ಓದಿ, ಅವುಗಳ ಸಾರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಚೀಟಿಯಲ್ಲಿ ಅರ್ಧ ಪುಟ ಇದ್ದರೆ ನೋಟ್‌ಬುಕ್ಕಿನಲ್ಲಿ, 'ಒಬ್ಬ ಸಹೋದರಿ, ಮನೆಯ ವಿಷಯ' ಅಂತ ಇರುತ್ತಿತ್ತು. 'ಒಬ್ಬ ಯುವಕ, ಆರೋಗ್ಯ.' 'ಒಂದು ಕುಟುಂಬ, ಸಮಾಧಾನ.' ಅಮ್ಮನವರು, ಅಂದರೆ ಅಯ್ಯನವರ ಹೆಂಡತಿ, ಅದನ್ನೇ ಓದುತ್ತಿದ್ದರು, ಹೆಂಗಸರು ಅದಕ್ಕೇ ಪ್ರಾರ್ಥಿಸುತ್ತಿದ್ದರು. ಚೀಟಿಗಳು ತಾತನ ಮನೆಯ ನೀರೊಲೆಗೆ ಹೋಗುತ್ತಿದ್ದವು.

"ಇದ್ಯಾವ ಪ್ರಾರ್ಥನೆ ತಾತ? ಹೆಸರಿಲ್ಲ, ಊರಿಲ್ಲ, ಏನು ಕಷ್ಟ ಅಂತ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ" ಅಂತ ಒಮ್ಮೆ ಕೇಳಿದೆ.

"ದೇವ್ರಿಗೆ ವಿಳಾಸ ಗೊತ್ತಿದೆ ಮೇಷ್ಟ್ರೇ. ಸಭೆಗ್ ಯಾಕೆ?"

ಈ ಪದ್ಧತಿಯನ್ನೂ ನಾನು ಮೊಬೈಲಿಗೆ ಏರಿಸಿದೆ. ಒಂದು ಫಾರ್ಮು ಮಾಡಿ, ಅದರ ಲಿಂಕನ್ನು ಎಲ್ಲರಿಗೂ ಕಳಿಸಿದೆ. ಮನೆಯಲ್ಲೇ ಕೂತು ವಿನಂತಿ ಬರೆದರೆ ಚರ್ಚಿನ ಫೋನಿನಲ್ಲಿ ಒಂದು ಪಟ್ಟಿಯಾಗಿ ಬಂದು ಕೂರುತ್ತಿತ್ತು. ತಾತ ಹೂಂ ಅಂದರು, ಆದರೆ ಒಂದು ಷರತ್ತು ಹಾಕಿದರು. ಪಟ್ಟಿಯನ್ನು ಅವರೇ ಓದಿ, ಹೆಸರು ವಿವರ ತೆಗೆದು, ಮೊದಲಿನ ಹಾಗೆ ಸಾರ ಬರೆದ ಮೇಲೆಯೇ ಸಭೆಯ ವಾಟ್ಸಾಪ್ ಗುಂಪಿಗೆ ಹೋಗಬೇಕು. ಒಪ್ಪಿದೆ. ಜನರಿಗೆ ನಂಬಿಕೆ ಬರಲಿ ಅಂತ ಫಾರ್ಮಿನ ಕೊನೆಗೆ ಒಂದು ಸಾಲನ್ನೂ ಸೇರಿಸಿದೆ: 'ನೀವು ಬರೆದದ್ದನ್ನು ತಾತ ಮಾತ್ರ ಓದುತ್ತಾರೆ.' ಆ ಸಾಲು ಬರೆದದ್ದು ನನ್ನದೇ ಕೈ. ಅದನ್ನು ನೋಡಿ ವಿನಂತಿಗಳು ಹೆಚ್ಚಾದವು, ನಾನು ಅದನ್ನು ನನ್ನ ಫಾರ್ಮಿನ ಹೆಚ್ಚುಗಾರಿಕೆ ಅಂದುಕೊಂಡೆ.

ಒಂದು ಶುಕ್ರವಾರ ಬೆಳಿಗ್ಗೆ ತಾತ ಶಾಲೆಯ ಗೇಟಿನ ಹತ್ತಿರ ಬಂದರು. ಕಣ್ಣಿನ ಪೊರೆ ತೋರಿಸಲು ಮಗಳ ಜೊತೆ ಬೆಂಗಳೂರಿಗೆ ಹೊರಟಿದ್ದರು. ಕರವಸ್ತ್ರದಲ್ಲಿ ಸುತ್ತಿದ ಚರ್ಚಿನ ಫೋನನ್ನು ನನ್ನ ಕೈಗಿಟ್ಟು, "ಯಾರಾದ್ರೂ ಫೋನ್ ಮಾಡಿದ್ರೆ ತೆಗಿ. ಪಟ್ಟಿ ಮಾತ್ರ ಕಳಿಸ್ಬೇಡ. ಮಧ್ಯಾಹ್ನ ಬಂದ್ಬಿಡ್ತೀನಿ, ನಾನೇ ಬರೀತೀನಿ" ಅಂದರು.

ಮಧ್ಯಾಹ್ನ ಅವರು ಬರಲಿಲ್ಲ. ಊಟದ ಬಿಡುವಿನಲ್ಲಿ ಆ ಫೋನಿಗೆ ಅಮ್ಮನವರ ಮೆಸೇಜು ಬಂತು: 'ತಾತ, ಎಲ್ಲರೂ ಕಾಯ್ತಿದ್ದೀವಿ, ಪಟ್ಟಿ ಕಳಿಸಿ.' ಸ್ವಲ್ಪ ಹೊತ್ತಿಗೆ ಇನ್ನೊಂದು. ನನಗೆ ಮುಂದಿನ ಪೀರಿಯಡ್ ಇತ್ತು. ಕೂತು ಸಾರ ಬರೆಯುವ ತಾಳ್ಮೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಸಾರ ಬರೆಯುವುದೇ ದಂಡ, ಪೂರ್ತಿ ವಿವರ ಇದ್ದರೆ ಜನ ಇನ್ನೂ ಚೆನ್ನಾಗಿ ಪ್ರಾರ್ಥಿಸುತ್ತಾರೆ ಅನ್ನುವುದು ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ಪಟ್ಟಿಯನ್ನು ಪೂರ್ತಿಯಾಗಿ ಕಾಪಿ ಮಾಡಿ ಗುಂಪಿಗೆ ಹಾಕಿದೆ. ಓದಿ ಕೂಡ ನೋಡಲಿಲ್ಲ. ಫೋನು ಜೇಬಿಗಿಟ್ಟು ಕ್ಲಾಸಿಗೆ ಹೋದೆ.

ಆ ಪಟ್ಟಿಯಲ್ಲಿ ಒಂಬತ್ತು ವಿನಂತಿಗಳಿದ್ದವು. ಐದನೆಯದು ನಮ್ಮ ಸಭೆಯ ಒಬ್ಬ ಹೆಣ್ಣುಮಗಳದು. ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು, ಒಂದನೇ ತರಗತಿಯ ಮಗಳಿದ್ದಳು. ಗಂಡ ಹೊಡೆಯುತ್ತಾನೆ, ಸೋಮವಾರ ಅವನು ಕೆಲಸಕ್ಕೆ ಹೋದ ಮೇಲೆ ಮಗಳನ್ನು ಕರೆದುಕೊಂಡು ಬೇರೆ ಊರಿನಲ್ಲಿರುವ ಅಕ್ಕನ ಮನೆಗೆ ಹೊರಟುಹೋಗುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ದಾರಿ ತೋರಿಸಲಿ ಅಂತ ಪ್ರಾರ್ಥಿಸಿ ತಾತ, ಅಂತ ಬರೆದಿದ್ದಳು. ಹೆಸರು, ಫೋನ್ ನಂಬರು ಎರಡೂ ಇದ್ದವು. ಫಾರ್ಮಿನಲ್ಲಿ ಅವೆರಡನ್ನೂ ಕಡ್ಡಾಯ ಮಾಡಿದ್ದು ನಾನು.

ಕ್ಲಾಸು ಮುಗಿಸಿ ಬಂದು ಅಳಿಸಿದೆ. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಗುಂಪಿನಲ್ಲಿ ಆಕೆಯ ವಾರಗಿತ್ತಿಯೂ ಇದ್ದಳು. ಸಂಜೆಯ ಹೊತ್ತಿಗೆ ಗಂಡನಿಗೆ ಸುದ್ದಿ ಮುಟ್ಟಿತ್ತು. ಸೋಮವಾರ ಆಕೆ ಎಲ್ಲಿಗೂ ಹೋಗಲಿಲ್ಲ. ಅವನು ಆಕೆಯ ಮೊಬೈಲು ಕಿತ್ತುಕೊಂಡಿದ್ದ, ಆಧಾರ್ ಕಾರ್ಡು, ಮಗುವಿನ ಶಾಲೆಯ ಕಾಗದ ಎಲ್ಲವನ್ನೂ ಎತ್ತಿಟ್ಟುಕೊಂಡಿದ್ದ, ಕೆಲಸ ಬಿಡಿಸಿದ್ದ. ಆ ವಾರಾಂತ್ಯ ಆ ಮನೆಯೊಳಗೆ ಏನು ನಡೆಯಿತು ಅಂತ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲಿಲ್ಲ. ಅಯ್ಯನವರು ಒಮ್ಮೆ ಹೋಗಿ ಬಂದರು. ಅವರಿಗೆ ಕಾಫಿ ಕೊಟ್ಟು, ಎಲ್ಲ ಸರಿಯಾಗಿದೆ ಅಂತ ಹೇಳಿ ಕಳಿಸಿದರಂತೆ.

ಮೆಸೇಜು ಹೋದದ್ದು ತಾತನ ಫೋನಿನಿಂದ. ತಾತ ಆ ದಿನ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಕೂಡಿಸಲು ಯಾರಿಗೂ ಕಷ್ಟವಾಗಲಿಲ್ಲ. ಭಾನುವಾರ ಆರಾಧನೆಯಾದ ಮೇಲೆ ಸಮಿತಿ ಕೂತಿತು. ನಾನು ಸಮಿತಿಯಲ್ಲಿರಲಿಲ್ಲ, ಪ್ರೊಜೆಕ್ಟರಿನ ವೈರು ಸುತ್ತುವ ನೆಪದಲ್ಲಿ ಅಲ್ಲೇ ಇದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಎರಡೆರಡು ಸಲ ಅದೇ ವೈರನ್ನು ಬಿಚ್ಚಿ ಸುತ್ತಿದೆ.

"ಫೋನ್ ಯಾರ ಹತ್ರ ಇರುತ್ತೆ ತಾತ?" ಹಿರಿಯರೊಬ್ಬರು ಕೇಳಿದರು.

"ನನ್ನ ಹತ್ರ."

"ಕಣ್ಣು ಕಾಣ್ದಿರೋವಾಗ ಅದನ್ನ ಯಾಕ್ ಮುಟ್ಟಕ್ ಹೋದ್ರಿ?"

ತಾತ ತಲೆ ವಾಲಿಸಿಕೊಂಡು ನನ್ನ ಕಡೆ ನೋಡಿದರು. ಒಂದೇ ಸಲ. ನಾನು ವೈರು ನೋಡಿದೆ.

"ಫೋನಿನ ಜವಾಬ್ದಾರಿ ನಂದು" ಅಂದರು.

ಅಷ್ಟೇ. ತಾವೇ ಕಳಿಸಿದ್ದು ಅಂತ ಅವರು ಹೇಳಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಉಳಿದ ಸುಳ್ಳನ್ನೆಲ್ಲ ನನ್ನ ಬಾಯಿ ಸುಮ್ಮನಿದ್ದೇ ಹೇಳಿತು. ವಯಸ್ಸಾಯಿತು, ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ ಅಂತ ಸಮಿತಿ ಮರ್ಯಾದೆಯಿಂದಲೇ ತೀರ್ಮಾನಿಸಿತು. ಇಪ್ಪತ್ತು ವರ್ಷ ನೋಡಿಕೊಂಡ ಕಚೇರಿ ಅರ್ಧ ಗಂಟೆಯಲ್ಲಿ ಅವರ ಕೈಬಿಟ್ಟಿತು. ಅದನ್ನು ಮೇಷ್ಟ್ರಿಗೆ ವಹಿಸೋಣ, ಅವರಿಗೆ ಇದೆಲ್ಲ ಚೆನ್ನಾಗಿ ಗೊತ್ತು ಅಂದರು. ನಾನು ತಲೆಯಾಡಿಸಿದೆ.

ಹೊರಗೆ ಬೇವಿನ ಮರದ ಕೆಳಗೆ ತಾತ ತಮ್ಮ ಹತ್ತಿರವಿದ್ದ ಬೀಗದ ಕೈ ಕೊಟ್ಟರು. "ಒಂದು ನಿನ್ ಹತ್ರ ಇದೆ. ಇನ್ನೊಂದನ್ನ ಬೇರೆ ಯಾರಿಗಾದ್ರೂ ಕೊಡು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು, "ತಾತ, ಅದು..." ಅಂತ ಬಾಯಿ ತೆರೆದೆ. ಆ ತಿಂಗಳಲ್ಲೇ ನನ್ನ ಕೆಲಸ ಖಾಯಂ ಆಗಬೇಕಿತ್ತು. ಅದರ ಕಾಗದ ಇದೇ ಸಮಿತಿಯ ಮುಂದೆ ಇತ್ತು. ಅದು ತಾತನಿಗೂ ಗೊತ್ತಿತ್ತು.

"ಮೊದ್ಲು ನಿನ್ನ ಆರ್ಡರ್ ಬರ್ಲಿ ಮೇಷ್ಟ್ರೇ. ಆಮೇಲೆ ನೀನೇ ಹೇಳ್ತೀಯ" ಅಂದರು.

ನನ್ನನ್ನು ಅವರು ಅಷ್ಟು ನಂಬಿದ್ದರು. ಆರ್ಡರ್ ಮುಂದಿನ ತಿಂಗಳು ಬಂತು. ನಾನು ಹೇಳಲಿಲ್ಲ. ಕ್ರಿಸ್ಮಸ್ ಕಳೆಯಲಿ ಅಂದುಕೊಂಡೆ. ಆಮೇಲೆ ನಮ್ಮ ಮಗುವಿನ ದೀಕ್ಷಾಸ್ನಾನ ಕಳೆಯಲಿ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ. ಕೆಲಸ ಹೋದೀತು ಅನ್ನುವ ಭಯ ಒಂದು ತಿಂಗಳದ್ದು. ಉಳಿದದ್ದು ಭಯವಲ್ಲ. ಎಲ್ಲ ಗೊತ್ತಿರುವವನು ಅನ್ನುವ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ಆ ಹೆಸರು ಬೆಳೆಯಿತು. ಬೇರೆ ಸಭೆಗಳಿಂದ ಕರೆಗಳು ಬಂದವು. ತಾತನ ಮೂರು ನಕಲು, ಎರಡು ಬೀಗದ ಕೈ, ರುಜು ಹಾಕಿದ ಲಕೋಟೆ, ಬೆನ್ನು ಸಾಕು ಅನ್ನುವ ಮಾತು, ಎಲ್ಲವನ್ನೂ ಸ್ಲೈಡುಗಳಿಗೆ ಇಳಿಸಿ ನನ್ನದೆಂದು ಹೇಳಿದೆ. ಅವರದೆಂದು ಹೇಳಿದ್ದು ಒಂದನ್ನೇ, ಅವರು ಮಾಡದ ತಪ್ಪನ್ನು.

ಎರಡು ವರ್ಷದ ಹಿಂದೆ ದೇವನಹಳ್ಳಿಯಲ್ಲಿ ಅಂಥದೇ ಒಂದು ತರಬೇತಿ. ಊಟವಾಗಿತ್ತು. ಮೊಬೈಲು ಮೂಗಿಗೆ ಹಿಡಿದು ತಾತನ ಹಾಗೆ ನಟಿಸಿದೆ. ಜನ ನಕ್ಕರು. ನಗು ಇಳಿಯುವಾಗ ಹಿಂದಿನ ಸಾಲಿನಲ್ಲಿ ಎಡಕ್ಕೆ ವಾಲಿದ ಒಂದು ತಲೆ ಕಂಡಿತು. ನಮ್ಮ ಅಯ್ಯನವರು ಕಾರಿನಲ್ಲಿ ಜಾಗ ಇದೆ ಅಂತ ತಾತನನ್ನೂ ಕರೆದುಕೊಂಡು ತಡವಾಗಿ ಬಂದಿದ್ದರು. ತಾತನೂ ಮೆಲ್ಲಗೆ ನಗುತ್ತಿದ್ದರು. ಮೊಬೈಲನ್ನು ಜೇಬಿಗಿಟ್ಟೆ. ಏನಾದರೂ ಪ್ರಶ್ನೆ ಇದೆಯೇ ಅಂತ ಸಭೆಯ ಯಜಮಾನರು ಕೇಳಿದಾಗ ತಾತ ಕೈ ಎತ್ತಿದರು. ಯಾವಾಗಲೂ ಮೇಷ್ಟ್ರೇ ಅನ್ನುತ್ತಿದ್ದವರು ಅಂದು ಸಾರ್ ಅಂದರು.

"ತಪ್ಪು ಯಾರ್ ಮಾಡಿದ್ರೋ ಬಿಡಿ ಸಾರ್. ತಪ್ಪಾದ್ಮೇಲೆ ಆ ತಾಯಿ ಹತ್ರ ಯಾರು ಹೋಗ್ಬೇಕು ಅಂತ ನಿಮ್ಮ ಸ್ಲೈಡಲ್ಲಿ ಇಲ್ವಲ್ಲ?"

ಒಳ್ಳೆಯ ಪ್ರಶ್ನೆ ಅಂದೆ. ಅಂದು ಮನೆಗೆ ಬಂದು ಒಂದು ಸ್ಲೈಡು ಸೇರಿಸಿದೆ: 'ಮಾಹಿತಿ ಸೋರಿದರೆ, ಕಾರಣರಾದವರು ನೊಂದವರನ್ನು ಖುದ್ದಾಗಿ ಕಂಡು ತಪ್ಪೊಪ್ಪಿಕೊಳ್ಳಬೇಕು.' ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸ್ಲೈಡು ಸೇರಿಸಿದವನು ಆ ಹೆಣ್ಣುಮಗಳ ಬೀದಿಯ ಕಡೆ ಕೂಡ ಹೋಗಲಿಲ್ಲ. ಆ ವೇಳೆಗೆ ಆಕೆ ಊರಲ್ಲಿಲ್ಲ, ಎಲ್ಲಿಗೋ ಹೋದಳಂತೆ ಅಂತ ಸುದ್ದಿ ಇತ್ತು. ಅದನ್ನು ಕೇಳಿ ನನಗೆ ಹಗುರವಾಯಿತು. ಹಗುರವಾದದ್ದನ್ನು ನೆನೆದರೆ ಈಗ ಮೈ ಮುದುಡುತ್ತದೆ.

ತಾತನ ಶವಸಂಸ್ಕಾರದ ದಿನ ಚರ್ಚು ತುಂಬಿತ್ತು. ಮಸೀದಿಯ ಮೈಕ್ ನೋಡಿಕೊಳ್ಳುವವರು ಬಂದು ನಮ್ಮ ಆಂಪ್ಲಿಫೈಯರು ತಾವೇ ಸರಿಮಾಡಿ ಹೋದರು. ನಾನು ಲೈವ್ ಹಾಕುತ್ತಿದ್ದೆ. ಮಾತಾಡಿದವರೆಲ್ಲ ತಾತನನ್ನು ಹೊಗಳಿ, ಕೊನೆಗೆ ಆ ಫಾರ್ವರ್ಡ್ ಮಾಡಿದ ಕಥೆಯನ್ನೂ ಪ್ರೀತಿಯಿಂದಲೇ ನೆನೆದರು. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಆ ಹೆಣ್ಣುಮಗಳು, ಬೆಳೆದ ಮಗಳ ಜೊತೆ ಕೂತಿರುವುದು ಕಂಡಿತು. ಕ್ಯಾಮೆರಾವನ್ನು ಆಚೆ ತಿರುಗಿಸಿದೆ. ತಾತನ ನಿಯಮ ಪಾಲಿಸಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಟ್ರೈಪಾಡಿನ ಹಿಂದೆ ಬಚ್ಚಿಟ್ಟುಕೊಂಡೆ.

ಹೊರಗೆ ಹೋಗುವಾಗ ಆಕೆಯೇ ನಿಂತು, ಕೈಮುಗಿದು ಮಾತಾಡಿಸಿದಳು. "ಸ್ತೋತ್ರ ಸಾರ್. ತಾತನ ಬಗ್ಗೆ ಹಂಗೆ ಮಾತಾಡ್ಬಾರ್ದಿತ್ತು. ಅವ್ರು ಆ ವಾರನೇ ಮನೆಗೆ ಬಂದು ನನ್ನತ್ರ ಕ್ಷಮೆ ಕೇಳಿದ್ರು. ನಾನು ಅವತ್ತೇ ಕ್ಷಮಿಸ್ಬಿಟ್ಟೆ" ಅಂದಳು. ನಾನು, "ಹೌದಾಮ್ಮ?" ಅಂದೆ. ಲೈವ್ ನೋಡಬೇಕು ಅಂತ ಒಳಗೆ ಹೋದೆ. ಲೈವ್ ಆಗಲೇ ಮುಗಿದಿತ್ತು.

ಚರ್ಚಿನ ವಾರ್ಷಿಕ ಸಂಚಿಕೆಗೆ ತಾತನ ಬಗ್ಗೆ ನೀವೇ ಬರೆಯಬೇಕು, ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ ಅಂದರು ಅಯ್ಯನವರು. ಎರಡು ಸಲ ಬರೆದೆ. ಎರಡರಲ್ಲೂ ಮೈಕು ಇತ್ತು, ಗೆದ್ದಲು ಇತ್ತು, ಆ ಶುಕ್ರವಾರ ಇರಲಿಲ್ಲ. ಮೂರನೆಯ ಸಲ ಆ ಶುಕ್ರವಾರವನ್ನೂ ಬರೆಯಬೇಕು ಅನ್ನಿಸಿತು. ಬರೆಯುವುದಾದರೆ ಅದರಲ್ಲಿ ಆ ಹೆಣ್ಣುಮಗಳೂ ಬರುತ್ತಾಳೆ. ಯಾರ ವಿಷಯವೋ ಅವರನ್ನು ಕೇಳಬೇಕು. ಕೇಳದೆ ಒಮ್ಮೆ ಇಡೀ ಊರಿಗೆ ಹಾಕಿದವನು, ಪಶ್ಚಾತ್ತಾಪದ ಹೆಸರಿನಲ್ಲಿ ಎರಡನೇ ಸಲವೂ ಹಾಕುವುದೇ? ತಾತನ ಮಗಳ ಹತ್ತಿರ ದಾರಿ ಕೇಳಿಕೊಂಡು, ಎರಡು ಬಸ್ಸು ಬದಲಾಯಿಸಿ ಆಕೆ ಇದ್ದ ಊರಿಗೆ ಹೋದೆ.

ಅಕ್ಕನ ಮನೆಯ ಜಗಲಿಯಲ್ಲೇ ಆಕೆ ಹೊಲಿಗೆಯ ಯಂತ್ರ ಇಟ್ಟುಕೊಂಡಿದ್ದಳು. ರವಿಕೆಯೊಂದು ಸೂಜಿಯ ಕೆಳಗಿತ್ತು. ನನ್ನನ್ನು ನೋಡಿ, "ಕೂತ್ಕೊಳಿ ಸಾರ್" ಅಂತ ಸ್ಟೂಲು ತೋರಿಸಿದಳು. ಕೂತರೆ ಹೇಳಲಾಗುವುದಿಲ್ಲ ಅಂತ ನಿಂತೇ ಹೇಳಿದೆ. ಫೋನು ನನ್ನ ಹತ್ತಿರ ಇತ್ತು, ಕಳಿಸಬೇಡ ಅಂದಿದ್ದರು, ಕಳಿಸಿದೆ, ಸುಮ್ಮನಿದ್ದೆ. ನಾಲ್ಕು ವರ್ಷ ಹೊತ್ತದ್ದನ್ನು ಹೇಳಲು ಒಂದು ನಿಮಿಷ ಸಾಕಾಯಿತು.

ಆಕೆ ಯಂತ್ರ ನಿಲ್ಲಿಸಿದಳು. ರವಿಕೆಯ ಅಂಚನ್ನು ಬೆರಳಲ್ಲಿ ನೀವಿದಳು.

"ನಮ್ಮ ಫೋನಿಂದ ತಪ್ಪಾಯ್ತು ಅಂದಿದ್ರು ತಾತ. ನಾನ್ ಮಾಡ್ದೆ ಅಂದಿರ್ಲಿಲ್ಲ. ನಾನೇ ಹಂಗ್ ತಿಳ್ಕೊಂಡೆ." ಆಮೇಲೆ ನಿಧಾನವಾಗಿ ಹೇಳತೊಡಗಿದಳು. ತಾತ ಪ್ರತಿ ಗುರುವಾರ ಬರುತ್ತಿದ್ದರಂತೆ. "ಮೊದ್ಮೊದ್ಲು ನಮ್ಮನೆಯವ್ರು ಬಾಯಿಗ್ ಬಂದಂಗ್ ಬೈದು ಕಳಿಸೋರು. ಮುಂದಿನ್ ಗುರ್ವಾರ ಮತ್ತೆ ಬರೋರು. ಬಾಗ್ಲಾಚೆ ನಿಂತು ಮೂರು ನಿಮಿಷ ಪ್ರಾರ್ಥನೆ ಮಾಡಿ ಹೋಗೋರು. ಅವ್ರು ಬರ್ತಾರೆ ಅಂತ ಬುಧ್ವಾರ ಗುರ್ವಾರ ಮೈಮೇಲೆ ಕೈ ಮಾಡ್ತಿರ್ಲಿಲ್ಲ. ಎರಡ್ ವರ್ಷ ಬಂದ್ರು. ನನ್ನ ಕಾರ್ಡಿನ ನಕ್ಲು, ಮಗಳ ಟಿಸಿ, ಎಲ್ಲ ಅವ್ರೇ ಮಾಡ್ಸಿ, ಅವ್ರೇ ಬಸ್ ಹತ್ತಿಸಿದ್ರು."

ತಾತನ ಮಗಳನ್ನು ಬಿಟ್ಟರೆ ನಮ್ಮ ಸಭೆಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ. ವಾರಕ್ಕೆರಡು ದಿನ ಏಟು ತಪ್ಪಿಸಿದ ಆ ಮನುಷ್ಯನನ್ನು ಮೂಗಿಗೆ ಮೊಬೈಲು ಹಿಡಿದು ನಾನು ನಟಿಸಿ ತೋರಿಸುತ್ತಿದ್ದೆ.

"ಬಸ್ ಹತ್ಸೋವಾಗ ಒಂದ್ ಮಾತ್ ಅಂದಿದ್ರು" ಅಂದಳು. "ಇನ್ನೊಬ್ರು ನಿನ್ನ ನೋಡಕ್ ಬರ್ತಾರಮ್ಮ, ತಡ ಆಗ್ಬೋದು, ಬಂದ್ರೆ ಕೂರ್ಸು ಅಂತ. ಯಾರು ಅಂದೆ. ಹೇಳ್ಲಿಲ್ಲ."

ಆಕೆ ಸ್ಟೂಲನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದಳು. ಈ ಸಲ ಕೂತೆ. ಮುಖ ಮುಚ್ಚಿಕೊಂಡು ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ, ನೀರು ತಂದುಕೊಟ್ಟಳು.

"ನಾನ್ ಕೊಟ್ಟ ಕ್ಷಮೆ ತಾತನಿಗೆ ಕೊಟ್ಟಿದ್ದು ಸಾರ್. ಅದನ್ನ ನಿಮ್ಗೆ ಬದ್ಲಾಯ್ಸಕ್ ಆಗಲ್ಲ. ನಿಮ್ದನ್ನ ಯೋಚ್ನೆ ಮಾಡ್ತೀನಿ" ಅಂದಳು. ಸರಿಯಮ್ಮ ಅಂದೆ. ಇದನ್ನೆಲ್ಲ ಬರೆಯಬಹುದೇ ಅಂತ ಕೇಳಿದೆ. ಮತ್ತೆ ಯಂತ್ರಕ್ಕೆ ಕೈ ಹಾಕುತ್ತಾ ಹೇಳಿದಳು:

"ಬರೀರಿ. ನನ್ನ ಹೆಸ್ರು ಬೇಡ. ತಾತನ ಹೆಸ್ರೂ ಬೇಡ, ಅವ್ರು ಒಪ್ತಿರ್ಲಿಲ್ಲ. ನಿಮ್ದು ಹಾಕಿ."

ಹಾಗಾಗಿ ಇಲ್ಲಿ ಹೆಸರು ಒಂದೇ. ಪಟ್ಟಿ ಕಳಿಸಿದವನು ನಾನು, ಡಿ. ಪ್ರಸನ್ನಕುಮಾರ್, ಚರ್ಚ್ ಶಾಲೆಯ ಕಂಪ್ಯೂಟರ್ ಮೇಷ್ಟ್ರು, ದೊಡ್ಡಬಳ್ಳಾಪುರ.